ಹಾಜರಿ ಪುಸ್ತಕದ ಹೊರಗಿನ ಮಕ್ಕಳು

ಮೈಸೂರಿನ ತಿಲಕ್ ನಗರದಲ್ಲಿರುವ ಸರ್ಕಾರಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ತಾಯಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ಆಡಳಿತ ನಡೆಸುತ್ತಿದ್ದರು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ಸಂಸ್ಥಾನ ತಂದದ್ದು 1913ರಲ್ಲಿ. ಅಂದರೆ ಮಕ್ಕಳೆಲ್ಲ ಶಾಲೆಗೆ ಬರಬೇಕೆಂಬ ಮಾತು ಕಾನೂನಾಗುವ 12 ವರ್ಷ ಮೊದಲೇ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗಾಗಿ ಈ ಊರಿನಲ್ಲಿ ಒಂದು ಶಾಲೆಯಿತ್ತು. ಮೈಸೂರಿನ ಶಿಕ್ಷಣದ ಚರಿತ್ರೆ ಬರೆಯುವವರು ಹೆಮ್ಮೆಪಡಬೇಕಾದ ಸಂಗತಿಯೇ ಇದು.

ಆದರೆ ಈ ಕಥೆಯಲ್ಲಿ ಇನ್ನೊಂದು ಮಗು ಕಾಣೆಯಾಗಿದೆ. ಪೋಲಿಯೊದಿಂದ ಕಾಲು ಸೋತ ಮಗು ಅದು. ಅಂಧ ಮಗುವಿಗೆ ಬ್ರೈಲ್ ಬೇಕು, ಕಿವುಡ ಮಗುವಿಗೆ ತರಬೇತಾದ ಶಿಕ್ಷಕರು ಬೇಕು. ಬೇರೆ ಶಾಲೆ ಕಟ್ಟಿದ್ದಕ್ಕೆ ಕಾರಣವಿತ್ತು. ಕಾಲು ಸೋತ ಮಗುವಿಗೆ ಬೇಕಾದದ್ದು ಅದೇ ಪಠ್ಯ, ಅದೇ ಸ್ಲೇಟು, ಅದೇ ಮೇಷ್ಟ್ರು. ಅದನ್ನು ತಡೆದದ್ದು ಪಾಠವಲ್ಲ, ಕಟ್ಟಡ. ನಮ್ಮ ಹಳೆಯ ಶಾಲೆಗಳನ್ನು ನೆನಪಿಸಿಕೊಳ್ಳಿ: ಮೂರು ನಾಲ್ಕು ಮೆಟ್ಟಿಲು, ಮೇಲೆ ಜಗಲಿ, ಹೊಸ್ತಿಲು, ಒಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಸಾಲು. ಕ್ಯಾಲಿಪರ್ ಕಟ್ಟಿದ ಕಾಲು ಹಾಗೆ ಮಡಿಸಲು ಬರುವುದಿಲ್ಲ. ಶೌಚಾಲಯವಿದ್ದರೂ ಕುಕ್ಕುರುಗಾಲಲ್ಲಿ ಕೂರಬೇಕು. ಇಡೀ ದಿನ ನೀರು ಕುಡಿಯದೆ ಇದ್ದುಬಿಡುವುದೇ ಇಂಥ ಮಕ್ಕಳು ಕಂಡುಕೊಂಡ ಉಪಾಯ. ಶಾಲೆಗೆ ಬಂದವರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ; ಬಾರದೆ ಉಳಿದವರದು ಎಲ್ಲೂ ಇರುವುದಿಲ್ಲ. ಹಾಗಾಗಿ ಇವರ ಚರಿತ್ರೆಯನ್ನು ಬಹುಪಾಲು ಕಾನೂನಿನ ಮಾತುಗಳಲ್ಲೇ ಹುಡುಕಬೇಕು.

ಸ್ವತಂತ್ರ ಭಾರತದಲ್ಲಿ ಈ ಮಾತು ಸ್ಪಷ್ಟವಾಗಿ ಬಂದದ್ದು 1964–66ರ ಕೊಠಾರಿ ಆಯೋಗದ ವರದಿಯಲ್ಲಿ. ಈ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣ ವ್ಯವಸ್ಥೆಯಿಂದ ಬೇರೆಯಾಗಿರಬಾರದು, ಅದು ದಯೆಯ ವಿಷಯವೂ ಅಲ್ಲ ಎಂದಿತು ಆಯೋಗ. ಅದೇ ಆಯೋಗ ಹಾಕಿಕೊಂಡ ಗುರಿ ಮಾತ್ರ, 1986ರ ಹೊತ್ತಿಗೆ ಅಂಧ, ಕಿವುಡ ಮತ್ತು ಅಂಗವಿಕಲ ಮಕ್ಕಳಲ್ಲಿ ಸುಮಾರು ಶೇ. 15ರಷ್ಟು ಮಂದಿಯನ್ನು ತಲುಪುವುದು. ಉಳಿದ 85 ಮಂದಿ ಗುರಿಯಲ್ಲೂ ಇರಲಿಲ್ಲ!

ಆ ದಶಕದಲ್ಲೇ ಮೈಸೂರಿನಲ್ಲಿ ಎರಡು ದೊಡ್ಡ ಸಂಸ್ಥೆಗಳು ಹುಟ್ಟಿದವು. 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು, 1965ರಲ್ಲಿ ಈಗಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಎರಡೂ ಮಾನಸಗಂಗೋತ್ರಿಯಲ್ಲಿವೆ, ಜಯಲಕ್ಷ್ಮಿಪುರಂನಿಂದ ನಡೆದೇ ಹೋಗುವಷ್ಟು ಹತ್ತಿರ. ಶಿಕ್ಷಕರನ್ನು ರೂಪಿಸುವ ಜ್ಞಾನವೂ ವಿಕಲತೆಯನ್ನು ಅರಿಯುವ ಜ್ಞಾನವೂ ಅಕ್ಕಪಕ್ಕದಲ್ಲೇ ಬೆಳೆದವು. ಅವೆರಡೂ ಸೇರಬೇಕಾದ ಜಾಗ ಬಡಾವಣೆಯ ಪ್ರಾಥಮಿಕ ಶಾಲೆ.

1974ರಲ್ಲಿ ಕೇಂದ್ರ ಸರ್ಕಾರ ವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ಆರಂಭಿಸಿತು. ಪುಸ್ತಕ, ಸಮವಸ್ತ್ರ, ಓಡಾಟದ ಖರ್ಚು, ಸಂಪನ್ಮೂಲ ಶಿಕ್ಷಕರ ಸಂಬಳ ಅದರಲ್ಲಿ ಸೇರಿದ್ದವು. ಗಮನಿಸಬೇಕಾದದ್ದೆಂದರೆ, ಅದನ್ನು ಮೊದಲು ನಡೆಸಿದ್ದು ಕಲ್ಯಾಣ ಇಲಾಖೆ. ಶಿಕ್ಷಣ ಇಲಾಖೆಯ ಕೈಗೆ ಬಂದದ್ದು 1980ರ ದಶಕದಲ್ಲಿ. ಮಗು ಯಾವ ಕಡತದಲ್ಲಿದೆ ಎನ್ನುವುದರಲ್ಲೇ ಅದು ವಿದ್ಯಾರ್ಥಿಯೋ ಫಲಾನುಭವಿಯೋ ಎಂಬುದು ತೀರ್ಮಾನವಾಗಿರುತ್ತದೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿ, ಚಲನೆಯ ತೊಂದರೆ ಮತ್ತು ಇತರ ಸೌಮ್ಯ ವಿಕಲತೆಗಳಿರುವ ಮಕ್ಕಳು ಎಲ್ಲರೊಡನೆ ಕಲಿಯಬೇಕೆಂದಿತು, ಆದರೆ ‘ಸಾಧ್ಯವಿರುವ ಕಡೆ’. 1995ರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು, ಸಾಮಾನ್ಯ ಶಾಲೆಯ ಮಾತು ಬಂದಾಗ ಮಾತ್ರ ‘ಪ್ರಯತ್ನಿಸತಕ್ಕದ್ದು’ ಎಂದಿತು. ಇಂಥ ಒಂದೊಂದು ಪದದ ಹಿಂದೆಯೂ ಒಂದು ತಲೆಮಾರು ಮನೆಯ ಜಗಲಿಯ ಮೇಲೆ ಕುಳಿತು ಕಾದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ತಡೆಯಿಲ್ಲದೆ ಪ್ರವೇಶಿಸಬಹುದಾದ ಕಟ್ಟಡವನ್ನು ಶಾಲೆಯ ಮಾನದಂಡಗಳಲ್ಲಿ ಸೇರಿಸಿತು. 2016ರ ಕಾಯ್ದೆ ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ಮಗುವಿಗೇ ಕೊಟ್ಟಿತು.

ಇದಕ್ಕೆಲ್ಲ ಕಾಯದೆ ಕೆಲಸ ಮಾಡಿದವರೂ ಇದ್ದರು. ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ, ವಿಕಲತೆ ಇರುವ ಮತ್ತು ಇಲ್ಲದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸುವ ‘ಶ್ರದ್ಧಾಂಜಲಿ’ ಶಾಲೆಯನ್ನು ನಡೆಸಿತು. ‘ಸಾಧ್ಯವಿರುವ ಕಡೆ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ನಮ್ಮ ಭಾಷೆಯೂ ಈ ದಾರಿಯಲ್ಲಿ ತಡವರಿಸಿದೆ. ‘ಅಂಗಹೀನ’ ಹೋಗಿ ‘ಅಂಗವಿಕಲ’ ಬಂತು. ಅದೂ ಸರಿಯಲ್ಲವೆಂದು ‘ವಿಕಲಚೇತನ’ ಎಂದೆವು. ಬಿಡಿಸಿ ನೋಡಿದರೆ ದೇಹದಲ್ಲಿದ್ದ ಊನವನ್ನು ಚೇತನಕ್ಕೇ ಅಂಟಿಸಿದಂತಾಯಿತು. ಇಲಾಖೆಯ ಫಲಕದ ಮೇಲೆ ಇಂದಿಗೂ ಅದೇ ಪದವಿದೆ. ಹೆಸರು ಬದಲಾದಷ್ಟು ಬೇಗ ಮೆಟ್ಟಿಲು ಬದಲಾಗಲಿಲ್ಲ.

ಈಗ ಇಳಿಜಾರು ದಾರಿ ಅನೇಕ ಶಾಲೆಗಳಲ್ಲಿದೆ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ಪ್ರಕರಣ ಕಂಡಿಲ್ಲ. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯದಂಥ ತೊಂದರೆಗಳಿರುವ ಮಕ್ಕಳ ಅಗತ್ಯ ಇಳಿಜಾರಿನಿಂದ ಮುಗಿಯುವುದಿಲ್ಲ. ತೀವ್ರ ಮತ್ತು ಬಹುವಿಧ ವಿಕಲತೆಯಿರುವವರಿಗೆ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ನಿಜವಾದ ಆಸರೆ. ಶಿಕ್ಷಕರು ಮನೆಗೇ ಬರುತ್ತಾರೆ. ಆದರೆ ಗಾಲಿಕುರ್ಚಿ ಮತ್ತು ಒಬ್ಬ ಆಯಾ ಇದ್ದರೆ ತರಗತಿಗೆ ಬರಬಲ್ಲ ಮಗುವನ್ನೂ ಇದೇ ಪಟ್ಟಿಗೆ ಸೇರಿಸುವುದು ಸುಲಭ. ಹಾಗಾದಾಗ ಹೆಸರು ಶಾಲೆಯ ಪುಸ್ತಕದಲ್ಲಿರುತ್ತದೆ, ಮಗು ಮನೆಯಲ್ಲಿರುತ್ತದೆ. ಮಧ್ಯಾಹ್ನ ಜೊತೆಗೆ ಕೂತು ಉಣ್ಣುವ ಗೆಳೆಯರಿರುವುದಿಲ್ಲ. ಆ ಮಗುವಿನ ಸಹಪಾಠಿಗಳಿಗೂ ಅಂಥ ಒಬ್ಬ ಗೆಳೆಯನಿದ್ದಾನೆಂದು ತಿಳಿಯುವುದಿಲ್ಲ.

ಮುಂದೆ ಯಾರಾದರೂ ನಮ್ಮ ಕಾಲದ ದಾಖಲಾತಿ ಅಂಕಿಗಳನ್ನಷ್ಟೇ ನೋಡಿದರೆ ಎಲ್ಲ ಮಕ್ಕಳೂ ಶಾಲೆಯಲ್ಲಿದ್ದರೆಂದು ಬರೆದಾರು. ನಮ್ಮ ಬಡಾವಣೆಯ ಶಾಲೆಯಲ್ಲಿ ಎಷ್ಟು ಹೆಸರಿದೆ ಎಂಬುದರ ಜೊತೆಗೆ ಎಷ್ಟು ಮಕ್ಕಳು ಬೆಂಚಿನ ಮೇಲಿದ್ದಾರೆ ಎಂದು ಈಗಲೇ ಎಣಿಸಿ ಬರೆದಿಡುವುದು ಒಳ್ಳೆಯದು.