ಹಳೇ ಕೋವಿ, ಭಾಗ 3: ಹೆಸರು ಮೇಲೆ, ಜಾತಕ ಕೆಳಗೆ

ಕೈಲ್ ಮುಹೂರ್ತದ ದಿನ ಕೊಡಗಿನ ಮನೆಗಳಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಿದ್ದರು. ಹಾಗಾಗಿ ಅಜ್ಜನ ಕೋವಿ ಮೊಮ್ಮಗನವರೆಗೂ ಬಂತು. ನಿಮ್ಮ ಮನೆಯಲ್ಲೂ ಒಂದು ಜೋಡುನಳಿಗೆ ಕೋವಿ ಇದ್ದರೆ, 'ಇದು ಲಂಡನ್ನಿಂದು' ಅನ್ನೋ ಮಾತು ಕೇಳಿರ್ತೀರಿ. ನಿಜಾನಾ?

ಮೇಲೆ ಕೆತ್ತಿರೋ ಹೆಸರನ್ನೊಂದೇ ನಂಬಬೇಡಿ. ಅದು ಮಾರಿದ ಅಂಗಡಿಯ ಹೆಸರಿರಬಹುದು. ಬೆಲ್ಜಿಯಂನ ಲಿಯೇಜ್ ಪಟ್ಟಣದಿಂದ ಇಂಗ್ಲಿಷ್ ಹೆಸರಿನಂತೆ ಕಾಣುವ ಅಗ್ಗದ ಕೋವಿಗಳೂ ಬಂದವು.

ತೋಟಾ ಇಲ್ಲ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿ, ಮಗುಚಿ. ಬುಡದ ಚಪ್ಪಟೆ ಜಾಗದಲ್ಲಿ ಸಣ್ಣ ಮುದ್ರೆಗಳಿರುತ್ತವೆ. ನಳಿಗೆ ಸಿಡಿಯುತ್ತೋ ಇಲ್ಲವೋ ಅಂತ ಪರೀಕ್ಷಿಸಿ ಒತ್ತಿದ ಗುರುತು ಅವು.

▪️ ಕಿರೀಟದ ಕೆಳಗೆ ಬಿ.ಪಿ., ಬಿ.ವಿ.: ಬರ್ಮಿಂಗ್‌ಹ್ಯಾಮ್, 1904ರ ನಂತರ.
▪️ 'ನಾಟ್ ಫಾರ್ ಬಾಲ್': ಇಂಗ್ಲೆಂಡ್, 1875ರಿಂದ 1887ರೊಳಗೆ.
▪️ ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ.: ಲಿಯೇಜ್. ಮೇಲೆ ಕಿರೀಟವಿದ್ದರೆ 1893ರ ನಂತರ.
▪️ ಇಂಗ್ಲಿಷ್ ಕೋವಿಯಲ್ಲಿ 'ಎನ್.ಪಿ.' ಅಥವಾ 'ನೈಟ್ರೋ ಪ್ರೂಫ್': ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆ ಆಗಿದೆ.

ಈ ಕೊನೇದು ಜೀವದ ಪ್ರಶ್ನೆ. ಅದಿಲ್ಲದ ಹಳೇ ನಳಿಗೆ ಕರಿಮದ್ದಿಗಷ್ಟೇ ತಯಾರಾದದ್ದು. ಇನ್ನೊಂದು ಮೋಸ ಇದೆ. ಹಳೇ ಕೋವಿಗಳ ತೋಟಾ ಕೂರುವ ಜಾಗ ಎಷ್ಟೋ ಸಲ ಎರಡೂವರೆ ಇಂಚು. ಈಗಿನ ಉದ್ದದ ತೋಟಾ ಅದರೊಳಗೆ ಸಲೀಸಾಗಿ ಹೋಗುತ್ತೆ, ಯಾಕಂದ್ರೆ ಅದರ ಮಡಿಚಿದ ಬಾಯಿ ಬಿಚ್ಚಿಕೊಳ್ಳೋದು ಹೊಡೆದಾಗಲೇ. ಆಗ ಜಾಗ ಸಾಲದೆ ಒತ್ತಡ ಏರುತ್ತೆ. ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಮುಂಚೆ ಇದು ನೆನಪಿರಲಿ.

ಇನ್ನು ಬಿಡಿಭಾಗ. ಸ್ಪ್ರಿಂಗ್ ಮುರಿದಿದೆ, ಅದೇ ಕಂಪನಿಯದ್ದು ಸಿಕ್ಕರೆ ಆಯ್ತು ಅಂದ್ಕೋಬೇಡಿ. ಆ ಕಾಲದ ಒಳ್ಳೇ ಕೋವಿಗಳಲ್ಲಿ ಒಂದೊಂದು ಭಾಗವನ್ನೂ ಆ ಕೋವಿಗೇ ಅರದಿಂದ ಉಜ್ಜಿ ಕೂರಿಸುತ್ತಿದ್ದರು. ಪಕ್ಕದ ಮನೆಯ ಜೋಡಿಕೋವಿಯ ಸ್ಪ್ರಿಂಗ್ ನಿಮ್ಮದಕ್ಕೆ ಕೂರಲ್ಲ. ಹಾಗಾಗಿ ಮುರಿದ ಚೂರನ್ನು ಎಸೀಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಅದೇ ಅಳತೆ, ಅದೇ ಮಾದರಿ. ನಳಿಗೆಯ ನಂಬರ್, ಕೆಳಗಿನ ಮರದ ತುಂಡಿನ ಕಬ್ಬಿಣದ ಮೇಲಿನ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಹಿಂದೆ ಯಾರೋ ಬದಲಿಸಿರಬಹುದು.

ಮುದ್ರೆ ಚೆನ್ನಾಗಿ ಕಾಣಲಿ ಅಂತ ಮರಳು ಕಾಗದ ಹಾಕಿ ಉಜ್ಜಬೇಡಿ. ಬಟ್ಟೆ, ಒಂದು ಹನಿ ಎಣ್ಣೆ, ಓರೆಯಾಗಿ ಹಿಡಿದ ಟಾರ್ಚ್ ಸಾಕು. ಅಳಿಸಿದರೆ ಅಜ್ಜನ ಕೋವಿಯ ಜಾತಕವೇ ಹೋಯ್ತು.

ನಿಮ್ಮ ಕೋವಿ ಎಲ್ಲಿಯದು ಅಂತ ಗೊತ್ತಾದರೆ ಕಮೆಂಟಲ್ಲಿ ಹೇಳಿ. 👇

#ಹಳೇಕೋವಿ #ಕೊಡಗು #ಇತಿಹಾಸ