ಚೊಳಚಗುಡ್ಡದ ಉತಾರ: ಭೂದಾಖಲೆಯ ಚರಿತ್ರೆಯಲ್ಲಿ ಒಂದು ಸುಲಭಭಾಷೆ

ಬಾದಾಮಿಯಿಂದ ಚೊಳಚಗುಡ್ಡಕ್ಕೆ ಬರುವ ಯಾತ್ರಿಕರು ಬನಶಂಕರಿಯ ಗುಡಿಯನ್ನೂ ಹರಿದ್ರಾತೀರ್ಥದ ಹೊಂಡವನ್ನೂ ಪುಷ್ಯಮಾಸದ ಜಾತ್ರೆಯನ್ನೂ ಕಂಡು ಹಿಂದಿರುಗುತ್ತಾರೆ. ಆ ಊರ ರೈತನ ಬಾಳಿನಲ್ಲಿ ಇವುಗಳಷ್ಟೇ ಗಣ್ಯವಾದ ಇನ್ನೊಂದು ವಸ್ತುವುಂಟು. ಅದು ಒಂದು ಕಾಗದ. ಹಳೆಯ ಮೈಸೂರಿನವರು ಪಹಣಿಯೆಂದು ಕರೆಯುವ ಇದನ್ನು ಈ ಸೀಮೆಯವರು ಉತಾರ ಎನ್ನುತ್ತಾರೆ. ಸಾಲವೆತ್ತುವುದಕ್ಕೆ, ಹೊಲ ಮಾರುವುದಕ್ಕೆ, ಅಣ್ಣತಮ್ಮಂದಿರ ಪಾಲು ಹರಿಯುವುದಕ್ಕೆ ಉತಾರವೇ ಆಧಾರ. ಈ ಶತಮಾನದ ಆರಂಭದಲ್ಲಿ ಅದನ್ನು ಮನುಷ್ಯನ ಕೈಯ ಬದಲು ಗಣಕಯಂತ್ರವು ಬರೆಯತೊಡಗಿತು. ಯಂತ್ರಕ್ಕೆ ಅಪ್ಪಣೆ ಕೊಟ್ಟ ಭಾಷೆ ವಿಷುಯಲ್ ಬೇಸಿಕ್. ಕಲಿಯಲು ಸುಲಭವೆಂದು ಹೆಸರಾದ ಈ ಭಾಷೆಯ ಸೌಲಭ್ಯವು ಯಾರಿಗೆ ಎಷ್ಟು ದಕ್ಕಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಬಾದಾಮಿಯಲ್ಲಿ ದಾನದ ದಾಖಲೆ ಹೊಸದಲ್ಲ. ಮೂರನೆಯ ಗುಹೆಯ ಕ್ರಿ.ಶ. 578ರ ಶಾಸನವು ಮಂಗಳೇಶನು ಮಾಡಿದ ಗ್ರಾಮದಾನವೊಂದನ್ನು ಕಲ್ಲಿನಲ್ಲಿ ನಿಲ್ಲಿಸಿದೆ. ಲಿಪಿ ಬಲ್ಲವನು ಎದುರು ನಿಂತು ಇಂದಿಗೂ ಓದಬಹುದು. ಪೇಶ್ವೆಯರ ಕಾಲಕ್ಕೆ ಬಂದರೆ ದಫ್ತರಗಳು ಮೋಡಿ ಲಿಪಿಯವಾದವು. ಅವನ್ನು ಓದಬಲ್ಲವರು ಈಗ ವಿರಳ. ಗ್ರಾಮದ ಲೆಕ್ಕವು ವತನದಾರ ಕುಲಕರ್ಣಿಯ ಕೈಯಲ್ಲಿತ್ತು. ಮುಂಬಯಿ ಸರಕಾರದ 1950ರ ಕಾಯಿದೆಯಿಂದ ಆ ವತನ ರದ್ದಾಯಿತು. ಸಂಬಳದ ತಲಾಠಿಯೂ, 1956ರ ಏಕೀಕರಣದ ತರುವಾಯ ಗ್ರಾಮಲೆಕ್ಕಿಗನೂ ಆ ಸ್ಥಾನಕ್ಕೆ ಬಂದರು. ಅಧಿಕಾರದ ಹೆಸರು ಬದಲಾದರೂ ಬಟ್ಟೆಯಲ್ಲಿ ಕಟ್ಟಿದ ದಫ್ತರದ ಗಂಟು ಒಬ್ಬನೇ ಮನುಷ್ಯನ ವಶದಲ್ಲಿ ಉಳಿಯಿತು. ಅವನು ಊರಲ್ಲಿಲ್ಲದ ದಿನ ಉತಾರವೂ ಇಲ್ಲ.

ಇನ್ನು ಭಾಷೆಯ ಮಾತು. 1964ರ ಮೇ 1ರಂದು ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಎಂಬ ಭಾಷೆ ಮೊದಲು ನಡೆಯಿತು. ಅದನ್ನು ರಚಿಸಿದವರು ಜಾನ್ ಕೆಮೆನಿ, ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತಾಧ್ಯಾಪಕರು. ವಿಜ್ಞಾನ ಓದದ ವಿದ್ಯಾರ್ಥಿಯೂ ಯಂತ್ರವನ್ನು ಬಳಸುವಂತಾಗಲಿ ಎಂಬುದು ಅವರ ಆಶಯವಾಗಿದ್ದಿತು. ಅದಕ್ಕೆ ಮುಂಚೆ ವಿಜ್ಞಾನಕ್ಕೆ ಫೋರ್ಟ್ರಾನ್, ವ್ಯವಹಾರಕ್ಕೆ ಕೋಬಾಲ್ ಇದ್ದವು. ಅವು ಪಳಗಿದವರ ಸೊತ್ತು. 1991ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ವಿಷುಯಲ್ ಬೇಸಿಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪರದೆಯ ಮೇಲೆ ನಮೂನೆಯನ್ನೂ ಗುಂಡಿಗಳನ್ನೂ ಮೊದಲು ಚಿತ್ರಿಸಬೇಕು. ಗುಂಡಿ ಒತ್ತಿದಾಗ ಏನಾಗಬೇಕೆಂಬುದನ್ನು ಬಳಿಕ ಬರೆಯಬೇಕು. ಕಚೇರಿಯ ಕೆಲಸವೆಲ್ಲ ನಮೂನೆಗಳ ಕೆಲಸವೇ ಆದುದರಿಂದ, ಮೇಜಿನ ಮೇಲಿನ ಗಣಕಯಂತ್ರದಲ್ಲಿ ವ್ಯವಹಾರದ ಲೆಕ್ಕಪತ್ರಗಳಿಗೆ ಈ ಭಾಷೆ ಬಹು ಬೇಗ ಒಗ್ಗಿತು.

1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಪ್ರಯತ್ನ ನಡೆದಿತ್ತು. ಆದರೆ ಮಾಲೀಕ ಸತ್ತಾಗ, ಹೊಲ ಮಾರಿದಾಗ ಆ ಬದಲಾವಣೆಯನ್ನು ಕೂಡಲೇ ಸೇರಿಸುವ ಏರ್ಪಾಡಿಲ್ಲದ ದಾಖಲೆ ಹಳಸಿದ ದಾಖಲೆಯೇ ಸರಿ. ಈ ಕೊರತೆಯನ್ನು ತುಂಬಿದುದು 'ಭೂಮಿ' ಯೋಜನೆ. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕಂದಾಯ ಇಲಾಖೆ ನಡೆಸಿದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಆಗಿನ 177 ತಾಲ್ಲೂಕುಗಳಲ್ಲಿ ಯಂತ್ರಕ್ಕೇರಿದವು, ಬಾದಾಮಿ ಅವುಗಳಲ್ಲೊಂದು. ಪ್ರೋಗ್ರಾಮನ್ನು ಹೊರಗಿನ ವ್ಯಾಪಾರಿಯಿಂದ ಕೊಳ್ಳಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಮಾಹಿತಿ ಕೇಂದ್ರದ ಸರಕಾರಿ ತಂತ್ರಜ್ಞರೇ ವಿಷುಯಲ್ ಬೇಸಿಕ್‌ನಲ್ಲಿ ಅದನ್ನು ಬರೆದರು. ಕಂದಾಯದ ಕಾಯಿದೆಯನ್ನು ಬಲ್ಲವರ ಪಕ್ಕದಲ್ಲಿ ಕುಳಿತು ನಮೂನೆಯನ್ನು ಬರೆದು, ಅಳಿಸಿ, ಮತ್ತೆ ಬರೆಯಲು ಈ ಭಾಷೆಯ ಸೌಲಭ್ಯ ಅನುವು ಮಾಡಿಕೊಟ್ಟಿತೆಂದು ನಮ್ಮ ಅಭಿಪ್ರಾಯ. ಯಶಸ್ಸನ್ನೆಲ್ಲ ಭಾಷೆಗೇ ಕಟ್ಟುವುದು ಮಾತ್ರ ಅನ್ಯಾಯ. ಸಾವಿರಾರು ಗ್ರಾಮಲೆಕ್ಕಿಗರು ಹಳೆಯ ವಹಿಗಳೊಡನೆ ಪ್ರತಿ ಸಾಲನ್ನೂ ತಾಳೆ ನೋಡದಿದ್ದರೆ ಯಾವ ಭಾಷೆಯೂ ನಿಷ್ಪ್ರಯೋಜಕವಾಗುತ್ತಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಸುಲಭವೆನಿಸಿದ ಭಾಷೆಯ ಪದಗಳು 'ಇಫ್', 'ದೆನ್' ಮುಂತಾದ ಇಂಗ್ಲಿಷ್ ಪದಗಳು. ಉತಾರ ಮಾತ್ರ ಕನ್ನಡದಲ್ಲಿರಬೇಕು. ಯಂತ್ರದಲ್ಲಿ ಕನ್ನಡವನ್ನು ಮೂಡಿಸಲು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರವನ್ನು ಜೋಡಿಸಬೇಕಾಯಿತು. ಸುಲಭಭಾಷೆಗೂ ನಮ್ಮ ಅಕ್ಷರಗಳು ಸುಲಭವಾಗಿರಲಿಲ್ಲ.

ರೈತನಿಗೆ ದಕ್ಕಿದ್ದೇನು? ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ತೆತ್ತರೆ ಉತಾರ ಕೈಸೇರುವಂತಾಯಿತು. ಎರಡನೆಯ ಪರದೆಯೊಂದನ್ನು ಅವನ ಕಡೆಗೆ ತಿರುಗಿಸಿಟ್ಟಿದ್ದರು. ಒಳಗೆ ನಡೆಯುವುದನ್ನು ಅವನೂ ನೋಡಬಹುದಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು. ಯಂತ್ರದ ಮುಂದೆ ಕುಳಿತ ನೌಕರನ ಗುರುತಿಗೆ ಬೆರಳಚ್ಚು ಬೇಕು. ಇವು ಸಣ್ಣ ಲಾಭಗಳಲ್ಲ. ಆದರೆ ಹಳೆಯ ವಹಿಯಲ್ಲಿದ್ದ ತಪ್ಪು ಯಂತ್ರಕ್ಕೂ ತಪ್ಪಾಗಿಯೇ ಏರಿತು. ಅದನ್ನು ತಿದ್ದಿಸಿಕೊಳ್ಳಲು ಚೊಳಚಗುಡ್ಡದವನು ಒಂದು ದಿನದ ಕೂಲಿ ಬಿಟ್ಟು ಬಾದಾಮಿಗೆ ಬರಬೇಕಾಯಿತು. ಅಧಿಕಾರ ಹಳ್ಳಿಯಿಂದ ಮೇಲೇರಿದಾಗ ಬಲ್ಲಿದರಾದ ಖರೀದಿದಾರರಿಗೇ ಅನುಕೂಲ ಹೆಚ್ಚೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಆಕ್ಷೇಪಿಸಿದರು. ಅವರ ಸಾಕ್ಷ್ಯ ಬೆಂಗಳೂರಿನ ಸುತ್ತಿನದು. ಬಾದಾಮಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಆತುರವಾದೀತು. ಆದರೂ ಪ್ರಶ್ನೆ ತೂಕದ್ದು.

ಇತಿಹಾಸದ ವಿದ್ಯಾರ್ಥಿಗೆ ಬೇರೊಂದು ಚಿಂತೆಯಿದೆ. ವಿಷುಯಲ್ ಬೇಸಿಕ್‌ನ 1998ರ ಆರನೆಯ ಆವೃತ್ತಿಗೆ ಅದರ ಒಡೆಯರು ಕೊಡುತ್ತಿದ್ದ ಬೆಂಬಲವನ್ನು 2008ರಲ್ಲಿ ನಿಲ್ಲಿಸಿದರು. ಭೂಮಿಯೂ ಮುಂದೆ ಅಂತರಜಾಲದ ವ್ಯವಸ್ಥೆಗೆ ಸಾಗಿತು. ಕಲ್ಲಿಗೆ ಕಣ್ಣು ಸಾಕು, ಮೋಡಿಗೆ ಗುರು ಬೇಕು. ಮೊದಲ ವರ್ಷಗಳ ಗಣಕದಾಖಲೆಗೆ ಅದನ್ನು ಬರೆದ ಪ್ರೋಗ್ರಾಮೇ ಬೇಕು. ಯಾವ ಬದಲಾವಣೆಯನ್ನು ಯಾರು ಒಪ್ಪಬೇಕೆಂಬ ನಿಯಮವೂ ಅದರೊಳಗೇ ಅಡಗಿದೆ. ಆ ಮೊದಲ ಆವೃತ್ತಿಯ ಮೂಲಪಾಠದ ಒಂದು ಪ್ರತಿಯನ್ನು, ಅದು ನಡೆಯಬಲ್ಲ ಒಂದು ಹಳೆಯ ಯಂತ್ರದೊಡನೆ, ರಾಜ್ಯ ಪತ್ರಾಗಾರದಲ್ಲಿ ಮೋಡಿ ಕಾಗದಗಳ ಬಳಿಯಲ್ಲೇ ಇರಿಸುವಂತೆ ವಿಶ್ವವಿದ್ಯಾನಿಲಯದ ವಿಭಾಗಗಳು ಕೇಳಿಕೊಳ್ಳಬೇಕು.