ಸೋರುವ ಕೊಡದಲ್ಲಿ ಹಕ್ಕರಿಕಿ

ಲೆಟ್ಯೂಸ್ ಎಂಬ ಹೆಸರು ನಮ್ಮ ಕೊಪ್ಪಳ ಸೀಮೆಗೆ ಹೊಸದು. ರೊಟ್ಟಿಯೊಂದಿಗೆ ಹಸಿ ತಪ್ಪಲು ತಿನ್ನುವ ರೂಢಿ ಹಳೆಯದು. ಲೆಟ್ಯೂಸಿನ ಬಂಧುವೇ ಆದ ಹಕ್ಕರಿಕಿ ಜೋಳದ ಎರೆಹೊಲದಲ್ಲಿ ತಾನಾಗಿಯೇ ಹುಟ್ಟುತ್ತಿತ್ತು. ಕಳೆ ತೆಗೆಯಲು ಹೋದ ಹೆಂಗಸರು ಉಡಿ ತುಂಬ ತರುತ್ತಿದ್ದರು.

1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆಯ ನೀರು ನಿಂತಿತು. ಕಾಲುವೆ ಹರಿದ ಗಂಗಾವತಿ ಭತ್ತದ ಕಣಜವಾಯಿತು. ಅನ್ನವೇನೋ ಬಂತು, ಕೆಸರುಗದ್ದೆಯಲ್ಲಿ ಹಕ್ಕರಿಕಿಗೆ ಜಾಗ ಉಳಿಯಲಿಲ್ಲ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ ಹೊಲಗಳಲ್ಲಿ ಅದು ಇನ್ನೂ ಸಿಗುತ್ತದೆ. ಆದರೆ ನನ್ನ ತರಗತಿಯ ಎಷ್ಟೋ ಹುಡುಗಿಯರು ಅದನ್ನು ಕಂಡೇ ಇಲ್ಲ.

ಪಟ್ಟಣದ ನಮಗೆ ಹೊಲವಿಲ್ಲದಿದ್ದರೇನು, ಸೋರುವ ಪ್ಲಾಸ್ಟಿಕ್ ಕೊಡವಿದೆಯಲ್ಲ! ಬಾಯಿ ಕತ್ತರಿಸಿ, ತಳಕ್ಕೆ ನಾಲ್ಕು ತೂತು ಹಾಕಿ, ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಬೀಜ ಉದುರಿಸಿ. ಹಸಿ ತಿನ್ನುವ ತಪ್ಪಲಿಗೆ ಹಸಿ ಸಗಣಿ ಮಾತ್ರ ಬೇಡ. ಅವ್ವಂದಿರು ಹೊಲದಲ್ಲಿ ಗುರುತು ಹಿಡಿಯುತ್ತಿದ್ದ ತಪ್ಪಲನ್ನು ನಮ್ಮ ಹೆಣ್ಣುಮಕ್ಕಳು ಮಾಳಿಗೆಯ ಮೇಲಾದರೂ ಗುರುತಿಸಲಿ.